ನೈರೋಬಿ ಮೇಲಿಂದ ಊರಿಗೆ ಹೋಗುವವರಿಗೆ

ಊರಿಗೆ ಹೋಗುವ ದಾರಿಯಲ್ಲಿ ಇನ್ನೊಂದು ದೇಶ ನೋಡಿಕೊಂಡು ಹೋಗೋಣ ಎನ್ನುವ ಆಸೆ ಅಮೆರಿಕದ ನಮ್ಮ ಟ್ರಾಯ್ ಊರಿನ ಕಡೆಯ ಮನೆಗಳಲ್ಲಿ ಹೊಸದಲ್ಲ. ರಜೆ ಹೇಗೂ ಹಾಕಲೇಬೇಕಲ್ಲ. ಛಾಯಾ ಮತ್ತು ಪದ್ಮನಾಭ ಈ ಸಲ ಕೀನ್ಯಾ ಆರಿಸಿಕೊಂಡಿದ್ದರು. ಮಗಳು ಇಳಾಗೆ ಸಿಂಹ ತೋರಿಸಿ, ನೈರೋಬಿಯಿಂದ ಬೆಂಗಳೂರಿಗೆ ಹಾರಿ, ಮೈಸೂರಿನಲ್ಲಿ ಛಾಯಾಳ ತಂಗಿ ಗಗನಾಳ ಮದುವೆಗೆ ಸೇರಿಕೊಳ್ಳುವುದೆಂದು ಲೆಕ್ಕ.

ಸೇರಿಕೊಳ್ಳುವುದೆಂದರೆ ಅಕ್ಷತೆ ಹಾಕಿ, ಊಟ ಮಾಡಿ ಬರುವುದಲ್ಲ. ಛಾಯಾಳ ತಾಯಿ ತೀರಿಕೊಂಡಿದ್ದರು. ಧಾರೆ ಎರೆಯಲು ದಂಪತಿ ಬೇಕು, ತಂದೆ ಕೃಷ್ಣಮೂರ್ತಿ ಒಬ್ಬರೇ ಎರೆಯುವಂತಿಲ್ಲ. ಆದ್ದರಿಂದ ಅಕ್ಕ ಭಾವನೇ ಕೂತು ಗಗನಾಳನ್ನು ಧಾರೆ ಎರೆದು ಕೊಡಬೇಕಿತ್ತು.

ಹೊರಡಲು ಮೂರು ವಾರವಿರುವಾಗ ಗೆಳತಿ ಸ್ಪಂದನಾ ಮನೆಗೆ ಬಂದಳು. ಪ್ರಯಾಣಿಕರಿಗೆ ಲಸಿಕೆ ಹಾಕುವ ಕ್ಲಿನಿಕ್ಕಿನಲ್ಲಿ ಅವಳು ನರ್ಸ್.

"ಎಲ್ಲಾ ರೆಡಿ," ಎಂದ ಪದ್ಮನಾಭ. "ಕೀನ್ಯಾ ಪರ್ಮಿಟ್‌ಗೆ ಆನ್‌ಲೈನಲ್ಲಿ ಅಪ್ಲೈ ಮಾಡಿದೀನಿ. ಡಾಕ್ಟರು ಮಲೇರಿಯಾ ಮಾತ್ರೆ ಬರ್ಕೊಟ್ಟಿದಾರೆ. ಅಲ್ಲಿ ಪ್ಲಾಸ್ಟಿಕ್ ಕವರ್ ಬಿಡಲ್ವಂತೆ, ಚಟ್ನಿಪುಡೀನೂ ಡಬ್ಬಿಗೆ ಹಾಕಿದೀವಿ."

"ಯೆಲ್ಲೋ ಫೀವರ್ ಇಂಜೆಕ್ಷನ್?"

"ಅಮೆರಿಕದಿಂದ ನೇರ ಹೋದ್ರೆ ಕೀನ್ಯಾದವರು ಕೇಳಲ್ಲ. ನಾನು ಓದಿದೀನಿ."

"ಅವರು ಕೇಳಲ್ಲ, ನಿಜ. ಆದ್ರೆ ಇಂಡಿಯಾದವರು ಕೇಳ್ತಾರೆ. ಕೀನ್ಯಾದಿಂದ ಬಂದಿಳಿಯೋರ ಹತ್ರ ಸರ್ಟಿಫಿಕೇಟ್ ಇಲ್ದಿದ್ರೆ ಆರು ದಿನದವರೆಗೂ ಕ್ವಾರಂಟೈನಲ್ಲಿ ಇಡಬಹುದು."

ಪದ್ಮನಾಭ ನಕ್ಕುಬಿಟ್ಟ. "ನಮ್ಮೂರಿಗೆ ನಾವು ಹೋಗಕ್ಕೆ ಇಂಜೆಕ್ಷನ್ನಾ? ನಂದು ಇಂಡಿಯನ್ ಪಾಸ್‌ಪೋರ್ಟ್."

"ಸೊಳ್ಳೆ ಪಾಸ್‌ಪೋರ್ಟ್ ನೋಡಿ ಕಚ್ಚಲ್ಲ. ಆ ಜ್ವರ ನಮ್ಮ ದೇಶದಲ್ಲಿಲ್ಲ, ಆದ್ರೆ ಅದನ್ನ ಹರಡೋ ಸೊಳ್ಳೆ ಬೇಕಾದಷ್ಟಿದೆ. ಅದಕ್ಕೇ ಅಷ್ಟು ಕಟ್ಟುನಿಟ್ಟು."

ಛಾಯಾ ಬೆರಳು ಮಡಚಿ ದಿನ ಎಣಿಸಿದಳು. ಅವರು ಬೆಂಗಳೂರಿಗೆ ಇಳಿದ ಮೂರನೇ ದಿನವೇ ಮುಹೂರ್ತ. ಗಂಡನೋ ಒಂದು ಸಲ ಓದಿದ್ದನ್ನು ಅಷ್ಟು ಸುಲಭಕ್ಕೆ ಬಿಡುವವನಲ್ಲ. ಮಾವನವರೂ ಕೇಳಿ ನಗಲಿ ಎಂದು ಅಲ್ಲೇ ಮೈಸೂರಿಗೆ ಫೋನ್ ಹಚ್ಚಿ, ಇಂಜೆಕ್ಷನ್ನು, ಆರು ದಿನದ ಮಾತು ಎಲ್ಲ ಹೇಳಿದ.

ಕೃಷ್ಣಮೂರ್ತಿ ನಗಲಿಲ್ಲ. "ಹಾಗಾದ್ರೆ ಧಾರೆಗೆ ಬೇರೆ ಯಾರನ್ನಾದ್ರೂ ಕೇಳ್ಲಾ, ಅಳಿಯಂದಿರೇ? ಗಗನಾಗೆ ನಾನೇ ಹೇಗೋ ಹೇಳ್ತೀನಿ," ಎಂದರು.

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಪದ್ಮನಾಭನಿಗೆ ತಡೆಯಲಾಗದೆ ಹೋದದ್ದು ಅದೇ. "ಬೇಡ ಮಾವ, ನಾವೇ ಎರೀತೀವಿ," ಎಂದು ಫೋನಿಟ್ಟು ಸ್ಪಂದನಾಳ ಕಡೆ ತಿರುಗಿದ. "ಯಾವತ್ತು ಬರಲಿ?"

"ನಾಳೇನೇ ಬನ್ನಿ. ಚುಚ್ಚಿಸಿಕೊಂಡು ಹತ್ತು ದಿನ ಆದ್ಮೇಲೇ ಆ ಸರ್ಟಿಫಿಕೇಟ್ ನಡೆಯೋದು. ಇಳಾಗೂ ಬೇಕು."

"ವಿಲ್ ಇಟ್ ಹರ್ಟ್?" ಎಂದಳು ಇಳಾ.

"ಮೊದ್ಲು ಅಪ್ಪನಿಗೇ ಹಾಕ್ತೀನಿ, ಮುಖ ನೋಡಿ ನೀನೇ ಹೇಳು."

ಬೆಂಗಳೂರಿನಲ್ಲಿ ಇಳಿದಾಗ ಸರ್ಟಿಫಿಕೇಟ್ ಕೇಳಿಯೇ ಕೇಳಿದರು. ಪದ್ಮನಾಭ ಮೂರು ಹಳದಿ ಕಾರ್ಡು ಮುಂದಿಟ್ಟ. ಅದೇ ವಿಮಾನದಲ್ಲಿ ಕಾರ್ಡಿಲ್ಲದೆ ಬಂದ ಇನ್ನೊಂದು ಕುಟುಂಬವನ್ನು ಪಕ್ಕಕ್ಕೆ ನಿಲ್ಲಿಸಿದ್ದರು, ಅದರಲ್ಲಿದ್ದ ಹೆಂಗಸಿನ ಮುಖ ನೋಡಲಾಗದೆ ಛಾಯಾ ತಲೆ ತಗ್ಗಿಸಿ ನಡೆದಳು. ಮೂರನೇ ದಿನ ಗಗನಾಳ ಕೈಮೇಲೆ ಅಕ್ಕ ಭಾವ ಇಬ್ಬರೂ ಸೇರಿ ನೀರು ಬಿಟ್ಟರು. ಕೃಷ್ಣಮೂರ್ತಿ ಹಿಂದೆ ನಿಂತು ಶಲ್ಯದಿಂದ ಕಣ್ಣೊರೆಸಿಕೊಂಡರು.

ಬಂಧುಗಳೇ, ನೀವೂ ಕೀನ್ಯಾ ನೋಡಿಕೊಂಡು ಊರಿಗೆ ಹೋಗುವವರೇ? ಹೋಗುವ ದೇಶದ ನಿಯಮ ಓದಿದರೆ ಸಾಲದು, ಅಲ್ಲಿಂದ ಮುಂದೆ ಇಳಿಯುವ ದೇಶದ ನಿಯಮವನ್ನೂ ಓದಿ. ಈ ಲಸಿಕೆ ಎಲ್ಲ ಕ್ಲಿನಿಕ್ಕಿನಲ್ಲೂ ಸಿಗುವುದಿಲ್ಲ, ತಿಂಗಳು ಮೊದಲೇ ವಿಚಾರಿಸಿ. ಅರವತ್ತು ದಾಟಿದವರು, ಬಸುರಿಯರು, ಎಳೆಗೂಸುಗಳು ಜೊತೆಗಿದ್ದರೆ ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ಮುಹೂರ್ತ ನಿಮಗಾಗಿ ಆರು ದಿನ ನಿಲ್ಲುವುದಿಲ್ಲ.