ಗಿರಿಯಪ್ಪಣ್ಣನ ಮರೆವು, ಅಪ್ಪಿಯಕ್ಕನ ಅನುಮಾನ

ಮೀನು ತಾಜಾ ಅಂತ ಯಾರೇ ಆಣೆ ಹಾಕಿ ಹೇಳಲಿ, ಬೆಂಗ್ರೆಯಲ್ಲಿ ಮೀನು ಮಾರುವ ಅಪ್ಪಿಯಕ್ಕ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕುವವಳಲ್ಲ. ಅಂಥವಳು ಆಸ್ಪತ್ರೆಯನ್ನು ನಂಬುತ್ತಾಳಾ?

ಗಂಡ ಗಿರಿಯಪ್ಪಣ್ಣ ಊಟ ಬಿಟ್ಟು ಹಗಲೆಲ್ಲ ತೂಕಡಿಸತೊಡಗಿದ್ದ. ಕೆಮ್ಮು ಸ್ವಲ್ಪ, ಜ್ವರ ಅಷ್ಟಕ್ಕಷ್ಟೆ. ಸೊಸೆ ವಿಜೇತಾ ಹಟ ಹಿಡಿದು, ದೋಣಿಯಲ್ಲಿ ಹೊಳೆ ದಾಟಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಳು. ವೈರಸ್ ಸೋಂಕು ಶ್ವಾಸಕೋಶಕ್ಕೆ ಇಳಿದಿತ್ತು.

"ಬೇರೆ ಎಂತಾದರೂ ಕಾಯಿಲೆ ಉಂಟಾ?" ಡಾಕ್ಟರು ಕೇಳಿದರು.

"ಎಂತದೂ ಇಲ್ಲ!" ಅಪ್ಪಿಯಕ್ಕ ಹೇಳಿಯೇಬಿಟ್ಟಳು.

ಹೊರಗೆ ಬಂದ ಮೇಲೆ ವಿಜೇತಾ ಮೆಲ್ಲಗೆ ಕೇಳಿದಳು, "ಅತ್ತೆ, ಮಾವನ ಮರೆವು ಹೇಳಬೇಕಿತ್ತಲ್ಲ?"

"ಸುಮ್ಮನಿರು ಮಾರಾಯ್ತಿ! ಮರೆವಿನ ಮುದುಕ ಅಂತ ಗೊತ್ತಾದರೆ ಮೂಲೆಗೆ ತಳ್ಳಿಬಿಡ್ತಾರೆ."

ಮರುದಿನ ಐಸಿಯು ಒಳಗೆ ಹೋಗಿ ನೋಡಿದರೆ, ಗಂಡನ ಕೈ ಮಂಚಕ್ಕೆ ಕಟ್ಟಿದ್ದಾರೆ!

"ಅಯ್ಯೋ ದೇವರೇ! ಇವರೇನು ಕಳ್ಳನಾ? ಎಂತ ಇಂಜೆಕ್ಷನ್ ಕೊಟ್ಟಿದ್ದೀರಿ? ನನ್ನ ಗುರುತೇ ಇಲ್ಲ ಇವರಿಗೆ!"

"ಆಕ್ಸಿಜನ್ ಮಾಸ್ಕ್ ಕಿತ್ತು ಹಾಕ್ತಾರಮ್ಮ. ಅದಿಲ್ಲದಿದ್ದರೆ ಜೀವ ಉಳಿಯುವುದು ಕಷ್ಟ," ಎಂದಳು ನರ್ಸ್ ಡೈಸಿ. ಅವಳ ಕಣ್ಣಲ್ಲೂ ಸಂಶಯ. "ನಿಜ ಹೇಳಿ, ಮೊದಲು ಹೀಗೆ ಇರಲಿಲ್ವಾ? ಕೈ ಬಿಚ್ಚಿದರೆ ಮಾಸ್ಕಿನ ಪೈಪನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೀತಾರೆ. ಅದು ಎಂತಕ್ಕೆ ಅಂತ ನಮಗೆ ತಿಳಿಯಲೇ ಇಲ್ಲ."

ಅಪ್ಪಿಯಕ್ಕನಿಗೆ ತಿಳಿಯಿತು. ಹರಿದ ಬಲೆ ಸರಿ ಮಾಡುವಾಗ ಗಿರಿಯಪ್ಪಣ್ಣ ಕೂರುತ್ತಿದ್ದುದೇ ಹಾಗೆ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು. ಅವಳಿಗೆ ಅಳು ಒತ್ತರಿಸಿ ಬಂತು.

"ಮರೆವು ಉಂಟು ಮಗಾ. ವರ್ಷದ ಮೇಲಾಯ್ತು. ಹೇಳಿದರೆ ನೀವು ಕೈಬಿಡ್ತೀರಿ ಅಂತ..."

"ಹೇಳದಿದ್ದರೇ ಅಪಾಯ ಅಮ್ಮ. ಮರೆಗುಳಿ ಕಾಯಿಲೆ ಇದ್ದವರಿಗೆ ಇಂಥ ಸೋಂಕು ಜೋರು ಹೊಡೀತದೆ. ಉಸಿರು ಕಟ್ತದೆ ಅಂತ ಹೇಳಲಿಕ್ಕೆ ಅವರಿಗೆ ಬರುವುದಿಲ್ಲ. ಊಟ, ನೀರು ಬಿಡ್ತಾರೆ, ಗಲಿಬಿಲಿ ಹೆಚ್ಚಾಗ್ತದೆ. ಬೇರೆಯವರಿಗಿಂತ ಜೀವಾಪಾಯವೂ ಜಾಸ್ತಿ. ಮೊದಲೇ ಗೊತ್ತಿದ್ದರೆ ನೋಡಿಕೊಳ್ಳುವ ಕ್ರಮವೇ ಬೇರೆ. ಪರಿಚಯದ ಮುಖ ಹತ್ತಿರ ಇರಬೇಕು, ಅವರ ಕನ್ನಡಕ ಇರಬೇಕು."

"ಬಲೆ ತರಬಹುದಾ?" ಅಪ್ಪಿಯಕ್ಕ ಕೇಳಿದಳು.

ಡಾಕ್ಟರು ಒಪ್ಪಿದರು. ವಿಜೇತಾ ತೊಳೆದು ಒಣಗಿಸಿದ ಬಲೆಯ ತುಂಡು ತಂದಳು. ಕೈಕಟ್ಟು ಬಿಚ್ಚಿದರು. ಗಿರಿಯಪ್ಪಣ್ಣನ ಬೆರಳು ಬಲೆಗೆ ಹೋಯಿತು, ಮಾಸ್ಕ್ ಮುಖದ ಮೇಲೇ ಉಳಿಯಿತು. ಪಕ್ಕದಲ್ಲಿ ಕೂತ ಅಪ್ಪಿಯಕ್ಕ ಒಂದೊಂದು ಮಾತ್ರೆಗೂ "ಇದೆಂತಕ್ಕೆ?" ಅಂತ ಕೇಳುವುದು ಮಾತ್ರ ಬಿಡಲಿಲ್ಲ. ಡೈಸಿಯೂ ಹೇಳುವುದು ಬಿಡಲಿಲ್ಲ.

ಗುಣವಾಗಿ ಮನೆಗೆ ಹೊರಡುವಾಗ ಡೈಸಿ ಕೇಳಿದಳು, "ಅಜ್ಜ, ಇವರು ಯಾರು?"

ಗಿರಿಯಪ್ಪಣ್ಣ ಹೆಂಡತಿಯನ್ನು ದಿಟ್ಟಿಸಿ ನೋಡಿದ. "ಮೀನಿನವಳು. ಸುಳ್ಳು ಹೇಳಿ ಮಾರುವವಳಲ್ಲ."

ಡಾಕ್ಟರಿಗೆ ಹೇಳಿದ ಸುಳ್ಳು ನೆನಪಾಗಿ ಅಪ್ಪಿಯಕ್ಕ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಮ್ಮ ಮನೆಯಲ್ಲೂ ಮರೆವಿನ ಹಿರಿಯರು ಇದ್ದಾರಾ? ಅವರು ಇದ್ದಕ್ಕಿದ್ದ ಹಾಗೆ ಊಟ ಬಿಟ್ಟರೆ, ಮಂಕಾದರೆ, "ವಯಸ್ಸಾಯ್ತಲ್ಲ" ಅಂತ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಫ್ಲೂ ಲಸಿಕೆಯ ಬಗ್ಗೆ ಮೊದಲೇ ವಿಚಾರಿಸಿ. ಆಸ್ಪತ್ರೆಗೆ ಹೋದರೆ ಮೊದಲ ಮಾತೇ ಮರೆವಿನದ್ದಾಗಲಿ. ಅನುಮಾನ ಬಂದರೆ ಅಪ್ಪಿಯಕ್ಕನ ಹಾಗೆ ನೂರು ಸಲ ಕೇಳಿ, ಆದರೆ ಮುಚ್ಚಿಡಬೇಡಿ. ತಮ್ಮ ಕಷ್ಟ ಹೇಳಲಿಕ್ಕೆ ಅವರಿಗೆ ಬರುವುದಿಲ್ಲ. ನೀವೇ ಹೇಳಬೇಕು.