ಅರ್ಧ ಬಟ್ಟಲು ಸೂಪು

ನನ್ನ ಬಾಮೈದನನ್ನು ಈ ಹೋಟೆಲಿಗೆ ಕರೆತಂದು ಸೇರಿಸಿದವನು ನಾನೇ. ತಟ್ಟೆ ಹಿಡಿಯುವುದನ್ನು ಕಲಿಸಿದವನೂ ನಾನೇ. ಎರಡೇ ವರ್ಷದಲ್ಲಿ ಗಿರಾಕಿಗಳೆಲ್ಲ ಅವನ ಟೇಬಲ್ಲುಗಳಿಗೇ ಮುಗಿಬೀಳತೊಡಗಿದರು. ನನ್ನವು ಖಾಲಿ ಹೊಡೆಯುತ್ತಿದ್ದರೂ ಬಾಗಿಲಲ್ಲಿ ನಿಂತು ಅವನಿಗಾಗಿ ಕಾಯುತ್ತಿದ್ದರು. ಅವನ ಜೇಬು ಟಿಪ್ಸಿನಿಂದ ಉಬ್ಬಿರುತ್ತಿತ್ತು. ಮನೆಯಲ್ಲಿ ಹೆಂಡತಿ ಬೇರೆ, "ನನ್ನ ತಮ್ಮನ್ನ ನೋಡಿ ಸ್ವಲ್ಪ ನಗೋದು ಕಲೀರಿ" ಎನ್ನುತ್ತಿದ್ದಳು. ಹೊಟ್ಟೆ ಉರಿಯದೆ ಇನ್ನೇನಾದೀತು?

ಅದನ್ನೆಲ್ಲ ಹೇಗೋ ಸಹಿಸಿಕೊಂಡೆ. ಟೀಚರಮ್ಮ ನನ್ನ ಟೇಬಲ್ಲು ಬಿಟ್ಟು ಅವನ ಕಡೆ ಹೋದದ್ದನ್ನು ಮಾತ್ರ ಸಹಿಸಲಾಗಲಿಲ್ಲ. ನಿವೃತ್ತರಾದ ಅವರು ಹನ್ನೊಂದು ವರ್ಷ, ದಿನಾ ಮಧ್ಯಾಹ್ನ ಒಂದು ಗಂಟೆಗೆ, ನನ್ನ ಕಿಟಕಿ ಪಕ್ಕದ ಟೇಬಲ್ಲಿಗೆ ಬರುತ್ತಿದ್ದರು. ಬಾಯಿ ಬಿಡುವ ಮೊದಲೇ ನಾನು ಸೂಪು ತಂದಿಡುತ್ತಿದ್ದೆ. ಚಮಚ ಮುಟ್ಟದೆ ಬಟ್ಟಲೆತ್ತಿ ಕುಡಿಯುವುದು ಅವರ ರೂಢಿ. ಕಳೆದ ವರ್ಷ ನಾನು ಎರಡು ದಿನ ರಜೆ ಹಾಕಿ ಬಂದು ನೋಡಿದರೆ, ಬಾಮೈದನ ಮೂಲೆಯಲ್ಲಿ ಕೂತಿದ್ದಾರೆ! ಅಲ್ಲೇ ಖಾಯಂ ಆದರು.

ನಾನು ಕಣ್ಣಿಟ್ಟು ನೋಡಿದೆ. ಕಳ್ಳ, ಅವರಿಗೆ ಅರ್ಧ ಬಟ್ಟಲು ಸೂಪನ್ನಷ್ಟೇ ತಂದಿಡುತ್ತಿದ್ದ. ಅದು ಮುಗಿದ ಮೇಲೆ ಇನ್ನರ್ಧಕ್ಕೆ ಮತ್ತೆ ಅಡುಗೆಮನೆಗೆ ಓಡುತ್ತಿದ್ದ. ಎರಡು ಓಟ, ಎರಡು ಸಲ ಹಲ್ಲು ಕಿರಿಯುವುದು. ಟಿಪ್ಸಿಗಾಗಿ ಎಂಥ ನಾಟಕ ಎಂದುಕೊಂಡೆ.

ಹೀಗಿರುವಾಗ ಯಜಮಾನರು ನಮ್ಮನ್ನೆಲ್ಲ ಸೇರಿಸಿ, "ಟಿಪ್ಸ್ ನಿಲ್ಲಿಸಿಬಿಡೋಣ. ಆ ದುಡ್ಡನ್ನ ಬಿಲ್ಲಲ್ಲೇ ಸೇರಿಸಿ, ಎಲ್ಲರ ಸಂಬಳಾನೂ ಜಾಸ್ತಿ ಮಾಡ್ತೀನಿ. ಏನಂತೀರಿ?" ಎಂದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ನ್ಯಾಯ, ಸಮಾನತೆ ಎಂದು ಭಾಷಣ ಬೇರೆ ಬಿಗಿದೆ. ಪಾತ್ರೆ ತೊಳೆಯುವವಳಿಗೂ ಪಾಲು ಸಿಗಬೇಡವೇ ಎಂದೆ. ಅವಳು ಕಣ್ಣೊರೆಸಿಕೊಂಡಳು. ನಿಜ ಹೇಳಬೇಕೆಂದರೆ ನನಗೆ ಅವಳ ನೆನಪಾದದ್ದು ಅದೇ ಮೊದಲು. ನನಗೆ ಬೇಕಿದ್ದದ್ದು ಬಾಮೈದನ ನಗು ನಿಲ್ಲುವುದು, ಟೀಚರಮ್ಮ ನನ್ನ ಕಿಟಕಿಗೆ ಮರಳುವುದು, ಅಷ್ಟೇ.

ಅವನು ತಕರಾರು ತೆಗೆಯುತ್ತಾನೆಂದು ಕಾದೆ.

"ಒಳ್ಳೇದೇ ಆಯ್ತು ಬಿಡಿ ಭಾವ. ಚಿಲ್ಲರೆ ಹೊತ್ತೂ ಹೊತ್ತೂ ಪ್ಯಾಂಟಿನ ಜೇಬೇ ಹರಿದುಹೋಗಿತ್ತು" ಎಂದು ನಕ್ಕ.

ಒಂದನೇ ತಾರೀಖಿನಿಂದ ಟಿಪ್ಸ್ ನಿಂತಿತು. ಅವನ ನಗು ನಿಲ್ಲಲಿಲ್ಲ. ಅರ್ಧ ಬಟ್ಟಲಿನ ಓಟವೂ ನಿಲ್ಲಲಿಲ್ಲ. ಸಂಬಳ ಇಬ್ಬರಿಗೂ ಒಂದೇ, ಇವನಿಗೇನು ಹುಚ್ಚೇ? ಮೊದಲಾದರೆ ದುಡ್ಡಿಗಾಗಿ ನಗುತ್ತಾನೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಆ ಸಮಾಧಾನವನ್ನೂ ನಾನೇ ಕೈ ಎತ್ತಿ ಕಳೆದುಕೊಂಡಿದ್ದೆ.

ಮೂರನೇ ವಾರ ಅವನು ಜ್ವರ ಬಂದು ಮಲಗಿದ. ಟೀಚರಮ್ಮ ಅವನ ಮೂಲೆಯಲ್ಲೇ ಕೂತರು. ಆದರೆ ಅವತ್ತು ಆ ಮೂಲೆಯೂ ನನ್ನದೇ! ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಟ್ಟಲನ್ನು ಅಂಚಿನವರೆಗೂ ತುಂಬಿಸಿ ತಂದು ಅವರ ಮುಂದಿಟ್ಟೆ.

ಅವರು ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿದರು. ಕೈ ಗಡಗಡ ನಡುಗಿ ಸೂಪು ಮಡಿಲಿಗೆಲ್ಲ ಚೆಲ್ಲಿತು. ಅಕ್ಕಪಕ್ಕದವರು ತಿರುಗಿ ನೋಡಿದರು.

"ಹೋದ ವರ್ಷದಿಂದ ಹೀಗೇ ನಡುಗತ್ತಪ್ಪ" ಎಂದರು ತಲೆ ತಗ್ಗಿಸಿ. "ನಿನಗೆ ಹೇಳೋಕೆ ನಾಚಿಕೆ ಆಗ್ತಿತ್ತು. ಅವನಿಗೆ ಹೇಳಬೇಕಾಗೇ ಬರಲಿಲ್ಲ."

ಮೇಜು ಒರೆಸಿದೆ. ಅಡುಗೆಮನೆಗೆ ಹೋಗಿ ಅರ್ಧ ಬಟ್ಟಲು ತಂದೆ, ಅದು ಮುಗಿದ ಮೇಲೆ ಇನ್ನರ್ಧ. ನಗಲೂ ನೋಡಿದೆ.

ಹೊರಡುವಾಗ ಅವರು ಬಾಗಿಲ ಬಳಿ ತಿರುಗಿ ನಿಂತರು. "ನಾಳೆ ಬರ್ತಾನಲ್ವಾ ಅವನು?"

"ಬರ್ತಾನಮ್ಮ" ಎಂದೆ. ಅವನ ಜ್ವರ ಇನ್ನೊಂದು ವಾರ ಇಳಿಯದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.