ಎರಡನೆಯ ಎಣಿಕೆ

ಹತ್ತನೆಯ ಮೀನುಹುರುಪೆಯನ್ನು ಚಿಮಟದ ತುದಿಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಅವಳು ತಿರುಗಿಸಿ ನೋಡಿದಳು. ಮೋಸಕ್ಕೆ ಇಷ್ಟು ಸಲೀಸಾಗಿ ಕೈ ಪಳಗುತ್ತದೆಯೇ ಎಂದು ಅವಳಿಗೇ ಸೋಜಿಗವಾಯಿತು. ಪಕ್ಕದ ಕೋಣೆಯಲ್ಲಿ ಗಂಡ ಕೆಮ್ಮಿದ. ಅವಳು ಹುರುಪೆಯನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಕೂರಿಸಿ, ಅಂಚಿಗೆ ಕಾಗದ ಅಂಟಿಸಿ, ಲಕೋಟೆಯೊಳಗೆ ಜಾರಿಸಿದಳು. ಆ ಲಕೋಟೆಯಲ್ಲಿ ನ್ಯಾಯವಾಗಿ ಇರಬೇಕಾಗಿದ್ದ ಹುರುಪೆ ಉಳಿದ ಒಂಬತ್ತರ ಜೊತೆ ಅವಳ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ಅಡಿಯಲ್ಲಿ ಅಡಗಿತ್ತು.

ಈಗ ಪಾರ್ಸೆಲಿನಲ್ಲಿ ಹೋಗುತ್ತಿದ್ದವು ಹತ್ತೂ ಕುರುಡು ಹುರುಪೆಗಳು. ಮೀನಿನ ಮೈಮೇಲಿನ ಹುರುಪೆ ಮೀನಿನ ಜೊತೆಗೇ ಬೆಳೆಯುತ್ತದೆ. ಮರದ ಕಾಂಡದಲ್ಲಿರುವಂತೆ ಅದರಲ್ಲೂ ವರ್ಷಕ್ಕೊಂದು ಸುತ್ತು ಮೂಡುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಸುತ್ತುಗಳನ್ನು ಎಣಿಸಿದರೆ ಮೀನಿನ ವಯಸ್ಸು ಸಿಗುತ್ತದೆ. ಆದರೆ ಬಲೆಗೆ ಉಜ್ಜಿಯೋ, ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡೋ ಹುರುಪೆ ಕಳಚಿಬಿದ್ದರೆ ಆ ಜಾಗದಲ್ಲಿ ಹೊಸದು ಅವಸರವಾಗಿ ಬೆಳೆದು ಗಾಯ ಮುಚ್ಚುತ್ತದೆ. ಅದರ ನಡುವೆ ಸುತ್ತುಗಳಿರುವುದಿಲ್ಲ. ಬಾಯಾವಿ ಊದಿದ ಕನ್ನಡಿಯ ಹಾಗೆ ಬರೀ ಮಸುಕು. ಅಂಥ ಕುರುಡು ಹುರುಪೆಯನ್ನು ಎಣಿಸಬಾರದು, ಎಸೆಯಬೇಕು. ಗಂಡ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು. ಕಳೆದ ಒಂದು ತಿಂಗಳಿಂದ ಅವಳು ಎಸೆಯದೆ ಕೂಡಿಟ್ಟಿದ್ದಳು.

ಆ ಪಾಠವಾದಾಗ ಅವರ ಮದುವೆಯಾಗಿ ವರ್ಷವೂ ಕಳೆದಿರಲಿಲ್ಲ. ಮೀನುಗಾರಿಕೆ ಇಲಾಖೆಯಲ್ಲಿ ಆಗ ಮೀನನ್ನು ತೂಗುವುದು ಗೊತ್ತಿತ್ತು, ಹರಾಜು ಹಾಕುವುದು ಗೊತ್ತಿತ್ತು. ಮೀನಿಗೂ ವಯಸ್ಸಿರುತ್ತದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಬೆಳಗಾದರೆ ಬಂದರಿಗೆ ಹೋಗಿ, ಬುಟ್ಟಿಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತು, ಮೀನಿನ ಉದ್ದ ಅಳೆದು ಹುರುಪೆ ಕೀಳುತ್ತಿದ್ದ ಈ ಹೊಸ ಅಧಿಕಾರಿಗೆ ಕಚೇರಿಯವರು ಮೀನಿನ ಜೋಯಿಸರು ಎಂದು ಹೆಸರಿಟ್ಟರು. ಮೇಲಧಿಕಾರಿಯಂತೂ ತುಂಬಿದ ಸಭೆಯಲ್ಲೇ, ಜೋಯಿಸರೇ, ನನ್ನ ತಟ್ಟೆಗೆ ಬಂದ ಮೀನಿಗೆ ಆಯಸ್ಸು ಎಷ್ಟು ಬರೆದಿತ್ತು, ಸ್ವಲ್ಪ ನೋಡಿ ಹೇಳಿ ಎಂದು ನಗಿಸಿದ್ದ. ದೋಣಿಗಳು ತರುವುದೆಲ್ಲ ವರ್ಷ ತುಂಬದ ಮರಿಗಳೇ ಆದರೆ ನಾಳೆ ಕಡಲು ಬರಿದಾಗುತ್ತದೆ ಎಂಬ ಅವನ ಮಾತು ಆ ನಗೆಯಲ್ಲಿ ಮುಳುಗಿಹೋಗಿತ್ತು.

ಮನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಬರುತ್ತಿತ್ತು. ಮೊದಲು ಅವನು ನೋಡುತ್ತಿದ್ದ, ಆಮೇಲೆ ಅವಳು. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಗೊತ್ತಿರಬಾರದು. ಮೀನು ಎಷ್ಟು ಉದ್ದವಿತ್ತೆಂಬುದೂ ಗೊತ್ತಿರಬಾರದು, ಏಕೆಂದರೆ ದೊಡ್ಡ ಮೀನು ಎಂದು ತಿಳಿದವನ ಕಣ್ಣು ಇಲ್ಲದ ಸುತ್ತನ್ನೂ ಹುಡುಕಿ ತೆಗೆಯುತ್ತದೆ. ಇಬ್ಬರೂ ಮುಖ ನೋಡಿಕೊಂಡು ಒಟ್ಟಿಗೆ ಸಂಖ್ಯೆ ಹೇಳಬೇಕು. ಹೊಂದಿದರೆ ಸರಿ, ಹೊಂದದಿದ್ದರೆ ಜಗಳ, ಮತ್ತೆ ಎಣಿಕೆ. ಅವಳಿಗೆ ಆ ಜಗಳದಷ್ಟು ರುಚಿಯಾದದ್ದು ಸಂಸಾರದಲ್ಲಿ ಬೇರೆ ಯಾವುದೂ ಇರಲಿಲ್ಲ.

ಅವನ ಮೊದಲ ಲೇಖನ ಅಚ್ಚಾದ ಮೇಲೆ ಕಡಲಾಚೆಯಿಂದ ಒಂದು ಕಾಗದ ಬಂತು. ಅಲ್ಲಿಯೂ ಒಬ್ಬಾಕೆ, ಇನ್ನಾವುದೋ ತಣ್ಣನೆಯ ಕಡಲಿನ ದಡದಲ್ಲಿ, ಹುರುಪೆಗಳನ್ನು ಎಣಿಸುತ್ತ ಕುಳಿತಿದ್ದಳು. ಲೋಕದಲ್ಲಿ ನಾನೊಬ್ಬಳೇ ಹುಚ್ಚಿ ಎಂದುಕೊಂಡಿದ್ದೆ ಎಂದು ಆಕೆ ಬರೆದಿದ್ದನ್ನು ಅವನು ಎರಡು ಸಲ ಓದಿ ಹೇಳಿದ್ದ. ಮತ್ತೊಂದು ಕಾಗದ ಬಂತು, ಆಮೇಲೆ ಪಾರ್ಸೆಲುಗಳು ಹೋದವು. ಒಂದು ದಿನ ಅವನು ಸೂಕ್ಷ್ಮದರ್ಶಕವನ್ನು ಊಟದ ಮೇಜಿನಿಂದ ತನ್ನ ಕೋಣೆಗೆ ಸಾಗಿಸಿದ.

"ಎರಡನೇ ಎಣಿಕೆ ಹೊರಗಿನವರೇ ಮಾಡ್ಬೇಕು ಕಣೇ. ಒಂದೇ ಮನೇಲಿರೋರು ಒಂದೇ ತಪ್ಪು ಕಲ್ತುಬಿಡ್ತಾರೆ," ಎಂದ. "ಅವರೂ ಹಾಗೇ ಹೇಳ್ತಾರೆ."

ತನಗೆ ಕಣೇ, ಆಕೆಗೆ ಅವರು. ಅಂದಿನಿಂದ ಹುರುಪೆ ತೊಳೆಯುವುದು, ಗಾಜಿನಲ್ಲಿ ಕೂರಿಸುವುದು, ಪೆಟ್ಟಿಗೆಗೆ ಹತ್ತಿ ತುಂಬುವುದು ಅವಳ ಪಾಲಿಗೆ ಬಂತು; ಎಣಿಸುವುದು ಕೈತಪ್ಪಿತು. ಮನಸ್ಸಿನಲ್ಲೇ ಅವಳು ಆಕೆಯನ್ನು ಆಚೆ ದಡದವಳು ಎಂದು ಕರೆದಳು. ಆಕೆಯ ಕಾಗದದ ಭಾಷೆ ಅವಳಿಗೆ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತಿತ್ತು. ಆದರೂ ಪ್ರತಿ ಕಾಗದವನ್ನೂ ಕದ್ದು ತೆರೆದು, ಓದಲಾಗದೆ, ಬರಿದೇ ನೋಡುತ್ತಿದ್ದಳು. ಮೊದಮೊದಲು ಇರುವೆ ಸಾಲಿನಂತಿದ್ದ ಅಕ್ಷರಗಳು ವರ್ಷ ಕಳೆದಂತೆ ದೊಡ್ಡದಾದವು, ಸಾಲುಗಳು ಅಗಲವಾದವು. ಈಗೀಗ ಒಂದು ಪುಟಕ್ಕೆ ಏಳೆಂಟು ಸಾಲು. ಸಲುಗೆ ಬೆಳೆದಂತೆ ಅಕ್ಷರವೂ ಕಾಲು ಚಾಚಿ ಕೂರುತ್ತದೆ ಎಂದುಕೊಂಡು ಅವಳು ಒಳಗೇ ಬೆಂದಳು.

ಐದಾರು ವರ್ಷದ ಹಿಂದೆ ಇನ್ನೊಂದು ಮಾತಾಗಿತ್ತು. ಇನ್ನು ಮೇಲೆ ಲಕೋಟೆಯ ಮೇಲೆ ಮೀನಿನ ಉದ್ದವನ್ನೂ ಬರಿ, ಸ್ವಲ್ಪ ದಪ್ಪಗೆ ಬರಿ ಎಂದಿದ್ದ ಗಂಡ. ಉದ್ದ ಹೇಳಬಾರದೆಂಬ ಕಟ್ಟಳೆ ಮಾಡಿದವನೇ ಅವನು. ಕೈಹಿಡಿದವಳಿಗೆ ಒಮ್ಮೆಯೂ ಸಡಿಲಿಸದ ಆ ಕಟ್ಟಳೆ ಆಕೆಗಾಗಿ ಸಡಿಲಾಯಿತಲ್ಲ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆದರೂ ದಪ್ಪಗೆ ಬರೆದಳು, ಪ್ರತಿ ಸಲವೂ.

ಕೊನೆಗೆ ಅವಳನ್ನು ಕೆಣಕಿದ್ದು ಪುಸ್ತಕದ ಮೊದಲ ಪುಟ. ಗಂಡನ ಜೀವಮಾನದ ಕೆಲಸವೆಲ್ಲ ಪುಸ್ತಕವಾಗಿ ಅಚ್ಚಿಗೆ ಹೋಗಿತ್ತು. ತಿದ್ದುವುದಕ್ಕೆ ಬಂದ ಪುಟಗಳಲ್ಲಿ ಕೃತಜ್ಞತೆಯ ಮಾತು ಮೊದಲಿಗಿತ್ತು: ಎರಡನೆಯ ಎಣಿಕೆ ಮಾಡಿದವರೆಂದು ಆಚೆ ದಡದವಳ ಪೂರ್ತಿ ಹೆಸರು, ಬಿರುದು ಸಮೇತ. ಎಲ್ಲಕ್ಕಿಂತ ಕೆಳಗೆ, ಅಚ್ಚಿನ ಮನೆಯ ಕೆಲಸಗಾರರೂ ಆದ ಮೇಲೆ, 'ಮನೆಯವರ ಸಹಕಾರ' ಎಂಬ ಎರಡು ಪದ. ಅದನ್ನು ಓದಿದ ದಿನವೇ ಅವಳು ಕುರುಡು ಹುರುಪೆಗಳನ್ನು ಕೂಡಿಡತೊಡಗಿದ್ದಳು.

ಲೆಕ್ಕ ಸರಳವಾಗಿತ್ತು. ಆಕೆ ನಿಜವಾಗಿ ಜಾಣೆಯಾಗಿದ್ದರೆ, ಇವನ್ನು ಎಣಿಸಲಾಗದು ಎಂದು ಬರೆಯುತ್ತಾಳೆ. ಹಾಗಾದರೆ ಎಲ್ಲೋ ಬೆರಕೆಯಾಯಿತೆಂದು ನಟಿಸಿದರಾಯಿತು. ಏನಾದರೂ ಸಂಖ್ಯೆ ಬರೆದಳೋ, ಸಿಕ್ಕಿಬಿದ್ದಳು. ಅವಳು ಪೆಟ್ಟಿಗೆಗೆ ದಾರ ಬಿಗಿದು ಅಂಚೆಗೆ ಕೊಟ್ಟು ಬಂದಳು.

ಉತ್ತರ ಬರಲು ಎರಡು ತಿಂಗಳಾದರೂ ಬೇಕು. ಅಷ್ಟು ದಿನವೂ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಅವಳು ಕೈಲಿದ್ದ ಪಾತ್ರೆ ಇಟ್ಟು ಬಾಗಿಲಿಗೆ ಬರುತ್ತಿದ್ದಳು. ಎರಡು ಬೀದಿ ಆಚೆಗಿದ್ದ ನಾದಿನಿ ಬಂದಾಗಲೆಲ್ಲ ಹಳೆಯ ಕೀಟಲೆ ತೆಗೆಯುತ್ತಿದ್ದಳು.

"ಏನತ್ತಿಗೆ, ಬಾಗಿಲ ಕಡೇನೇ ಕಣ್ಣು? ಸವತಿ ಕಾಗದ ಇನ್ನೂ ಬಂದಿಲ್ವಾ?"

"ಬರುತ್ತೆ ಬಿಡು. ಈ ಸಲದ್ದು ನಿನಗೂ ಓದಿ ಹೇಳ್ತೀನಿ."

ನಾದಿನಿ ನಕ್ಕಳು. ಅತ್ತಿಗೆ ನಗದಿರುವುದನ್ನು ಕಂಡು ನಗೆಯನ್ನು ಅರ್ಧಕ್ಕೇ ಕತ್ತರಿಸಿ, ಕೊತ್ತಂಬರಿ ಸೊಪ್ಪಿನ ಬೆಲೆಗೆ ಮಾತು ತಿರುಗಿಸಿದಳು.

ಕಾಗದವೂ ಗಾಜುಗಳು ಮರಳಿದ ಪೆಟ್ಟಿಗೆಯೂ ಒಂದೇ ದಿನ ಬಂದವು. ರೂಢಿಯಂತೆ ಗಂಡ ಕಾಗದದಲ್ಲಿದ್ದ ಸಂಖ್ಯೆಗಳನ್ನು ಓದುತ್ತ ಹೋದ; ಅವಳು ಅವನ ಎಣಿಕೆಯ ಹಾಳೆಯನ್ನು ಎದುರಿಗಿಟ್ಟುಕೊಂಡು ಗುರುತು ಹಾಕುತ್ತ ಹೋದಳು. ಅವನು ಎಣಿಸಿದ್ದು ಅದೇ ಮೀನುಗಳ ಬೇರೆ ಹುರುಪೆಗಳನ್ನು, ಒಳ್ಳೆಯವನ್ನು. ಮೊದಲನೆಯದಕ್ಕೆ ನಾಲ್ಕು, ಹಾಳೆಯಲ್ಲೂ ನಾಲ್ಕು. ಎರಡನೆಯದು ಮೂರು, ಇಲ್ಲೂ ಮೂರು. ಹತ್ತರಲ್ಲಿ ಒಂದು ಮಾತ್ರ ತಾಳೆಯಾಗಲಿಲ್ಲ. ಸುತ್ತುಗಳೇ ಇಲ್ಲದ ಹತ್ತು ಹುರುಪೆಗಳಿಗೆ ಆಚೆ ದಡದವಳು ಹತ್ತು ವಯಸ್ಸು ಕೊಟ್ಟಿದ್ದಳು.

ಆಕೆ ಹುರುಪೆಗಳನ್ನು ನೋಡಿಯೇ ಇಲ್ಲ. ಲಕೋಟೆಯ ಮೇಲಿನ ಉದ್ದ ನೋಡಿ ಅಂದಾಜಿನಲ್ಲಿ ಬರೆದಿದ್ದಾಳೆ.

"ಒಂದು ಬಿಟ್ರೆ ಎಲ್ಲಾ ಸರಿ," ಎಂದು ಗಂಡ ಕಾಗದ ಮಡಿಸಿದ. ಅವಳು ಎಣಿಕೆಯ ಹಾಳೆಯನ್ನು ಎತ್ತಿಟ್ಟಳು. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳ ಹಾಗೆ ಅಡುಗೆಮನೆಗೆ ಹೋದಳು. ಯಾವಾಗ ಹೇಳಲಿ, ಹೇಗೆ ಹೇಳಲಿ, ನನ್ನ ಕೈವಾಡ ಹೊರಬೀಳದಂತೆ ಹೇಳುವುದು ಹೇಗೆ? ಸಕ್ಕರೆಯನ್ನು ಕಚ್ಚದೆ ನಾಲ್ಕಾರು ದಿನ ಚೀಪಿದಳು.

ಕಚ್ಚುವ ಕಷ್ಟವನ್ನು ತಪ್ಪಿಸಿದ್ದು ಅಚ್ಚಿನ ಮನೆ. ಪುಸ್ತಕಕ್ಕೆ ಒಂದು ಹುರುಪೆಯ ಚಿತ್ರ ಬೇಕು, ಬೇಗ ಕಳಿಸಿ ಎಂದು ಅಲ್ಲಿಂದ ಹೇಳಿಕಳಿಸಿದರು. ಊಟ ಮುಗಿಸಿ ಬಂದ ಗಂಡ, ಆಚೆಯಿಂದ ಮರಳಿದ ಗಾಜುಗಳನ್ನು ಎಂದೂ ತಿರುಗಿ ನೋಡದವನು, ಕೈಗೆ ಹತ್ತಿರವಿದ್ದುದು ಅದೇ ಎಂದು ಆ ಪೆಟ್ಟಿಗೆಗೇ ಕೈಹಾಕಿದ. ಬಟ್ಟೆ ಮಡಿಸುತ್ತಿದ್ದ ಅವಳು ಬಾಗಿಲಲ್ಲೇ ನಿಂತಳು. ಬೇಡ, ಬೇರೆ ಕೊಡುತ್ತೇನೆ ಎನ್ನುವಷ್ಟರಲ್ಲಿ ಅವನು ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗಿತ್ತು.

ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಗಾಜು ಬದಲಿಸಿದ. ಮತ್ತೊಮ್ಮೆ ಬದಲಿಸಿದ.

"ಇವಳೇ, ಇದರ ನಡು ಖಾಲಿ."

ಅವಳು ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಹತ್ತೂ ಖಾಲೀನಾ?" ಎಂದ ಅವನು.

"ಹತ್ತೂ."

ಮನೆಯಲ್ಲಿ ಇದ್ದುದು ಇಬ್ಬರೇ. ಯಾರು ಎಂದು ಅವನು ಕೇಳಲಿಲ್ಲ. ಯಾಕೆ ಎಂದು ಮಾತ್ರ ಕೇಳಿದ. ಇಷ್ಟು ದಿನ ಜೋಡಿಸಿಟ್ಟ ಮಾತುಗಳೆಲ್ಲ ಕಲಸಿಹೋಗಿ ಅವಳ ಬಾಯಿಂದ ಬಂದದ್ದು ಬೇರೆಯೇ.

"ನಿಮ್ಮ 'ಅವರು' ನಿಜವಾಗ್ಲೂ ನೋಡ್ತಾರಾ ಅಂತ ನೋಡ್ಬೇಕಿತ್ತು. ನೋಡಿಲ್ಲ. ಏನೂ ಇಲ್ದೇ ಇರೋದಕ್ಕೆ ನಾಲ್ಕು, ಐದು ಅಂತ ಬರ್ದು ಕಳಿಸಿದಾಳೆ. ಅಂಥವಳ ಹೆಸರು ಪುಸ್ತಕದ ಮೊದಲ ಪುಟದಲ್ಲಿ."

ಅವನು ಬೆಚ್ಚಿಬೀಳುತ್ತಾನೆ ಎಂದು ಅವಳು ಕಾದಳು. ಸಿಟ್ಟಾಗುತ್ತಾನೆ, ಕಾಗದ ತೆಗೆದು ಮತ್ತೆ ಓದುತ್ತಾನೆ, ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಅವನು ಸೂಕ್ಷ್ಮದರ್ಶಕದ ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ, ಅಷ್ಟೆ. ಮುಖದಲ್ಲಿ ಆಶ್ಚರ್ಯದ ಗೆರೆಯೇ ಇರಲಿಲ್ಲ.

ಆಗ ಅವಳ ಕಣ್ಣು ಮೇಜಿನ ಮೇಲೆ ಚೆಲ್ಲಿದ್ದ ಲಕೋಟೆಗಳ ಮೇಲೆ ಬಿತ್ತು. ಅವಳದೇ ಕೈಬರಹ. ಒಂದೊಂದು ಅಂಕಿಯೂ ಹೆಬ್ಬೆರಳಿನಷ್ಟು ದಪ್ಪ. ಪಕ್ಕದಲ್ಲಿ ಆಚೆ ದಡದವಳ ಕಾಗದ, ಪುಟಕ್ಕೆ ಏಳೆಂಟೇ ಸಾಲು. ಎರಡನ್ನೂ ಅವಳು ಹೀಗೆ ಅಕ್ಕಪಕ್ಕ ಇಟ್ಟು ಎಂದೂ ನೋಡಿರಲಿಲ್ಲ.

"ಆಕೆಗೆ ಕಣ್ಣು ಕಾಣಿಸಲ್ಲ," ಎಂದಳು.

"ಪೂರ್ತಿ ಹೋಗಿಲ್ಲ. ಹೋಗ್ತಾ ಇದೆ."

"ಹೇಳ್ಕೊಂಡಿದ್ದಾಳಾ?"

"ಇಲ್ಲ. ಅವರೂ ಹೇಳಿಲ್ಲ, ನಾನೂ ಕೇಳಿಲ್ಲ. ಕೇಳಿದ್ರೆ ಪಾರ್ಸೆಲ್ ಕಳಿಸಬೇಡಿ ಅಂತಾರೆ. ಆಮೇಲೆ ಅವರ ಬಾಗಿಲಿಗೆ ಬರೋಕೆ ಬೇರೆ ಏನಿದೆ?"

ಅವಳು ಗೋಡೆಗೆ ಒರಗಿದಳು. ಬೇಹುಗಾರಿಕೆ ಮಾಡಿ ಹಿಡಿದದ್ದು ಇದನ್ನೇನು? ಅವನು ಆಕೆಯನ್ನು ಮೆಚ್ಚಿದ್ದರೆ ಸಹಿಸಬಹುದಿತ್ತು, ಮೋಹಿಸಿದ್ದರೂ ಜಗಳವಾಡಬಹುದಿತ್ತು. ಇದು ಎರಡಕ್ಕಿಂತಲೂ ಆಳದ್ದು. ಸದ್ದಿಲ್ಲದೆ, ಐದಾರು ವರ್ಷ, ಅವಳದೇ ಬೆರಳುಗಳಿಂದ ಮಾಡಿಸಿದ್ದು. ಪುಸ್ತಕಕ್ಕೆ ಆ ವರ್ಷಗಳ ಲೆಕ್ಕವನ್ನು ತಾನು ಸೇರಿಸಿಲ್ಲ, ಎಣಿಕೆ ನಂಬುವಂತಿದ್ದ ವರ್ಷಕ್ಕೇ ನಿಲ್ಲಿಸಿದ್ದೇನೆ ಎಂದು ಅವನು ಹೇಳುತ್ತಿದ್ದ. ಅಂದರೆ ಆಕೆಯ ಮನಸ್ಸು ನೋಯಬಾರದೆಂದು, ಇವಳು ತೊಳೆದು, ಅಂಟಿಸಿ, ಹತ್ತಿಯಲ್ಲಿ ಸುತ್ತಿದ ಸಾವಿರಾರು ಹುರುಪೆಗಳನ್ನು ಅವನು ಕಪಾಟಿಗೆ ಸುಮ್ಮನೆ ಹಾಕಿದ್ದ.

"ನನ್ನ ಕಣ್ಣು ಹೋದ್ರೆ ನನಗೂ ಹೀಗೇ ಮಾಡ್ತೀರಾ?"

ಅವನು ಒರೆಸುವ ಬಟ್ಟೆ ಕೆಳಗಿಟ್ಟ. "ನಿನ್ನ ಕಣ್ಣು ಹೋದ್ರೆ ನನಗೆ ಗೊತ್ತೇ ಆಗಲ್ಲ. ಕಾಣಿಸದೇ ಇದ್ರೂ ನಾನು ಎಣಿಸಿದ್ದೇ ತಪ್ಪು ಅಂತ ಜಗಳಕ್ಕೆ ಬರ್ತೀಯ."

ನಗು ಬರಬಾರದಿತ್ತು, ತುಟಿಯ ತುದಿಯವರೆಗೆ ಬಂದದ್ದನ್ನು ಅವಳು ಅಲ್ಲೇ ನುಂಗಿದಳು. ಒಳಗೆ ಹೋಗಿ ಹೊಲಿಗೆ ಡಬ್ಬಿ ತಂದು, ಗುಂಡಿಗಳ ಅಡಿಯಿಂದ ನಿಜವಾದ ಹತ್ತು ಹುರುಪೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಎಣಿಕೆಗೂ ಮೊದಲು ಪುಸ್ತಕದ ಕೃತಜ್ಞತೆಯ ಪುಟವನ್ನು ಅವನ ಮುಂದೆ ಸರಿಸಿದಳು.

"ಆಕೆ ಹೆಸರು ಹಾಗೇ ಇರ್ಲಿ. ಕಣ್ಣಿದ್ದ ವರ್ಷಗಳಲ್ಲಿ ನೋಡಿದ್ದು ನಿಜ ತಾನೆ. ಈ 'ಮನೆಯವರ ಸಹಕಾರ' ಅನ್ನೋದನ್ನ ಮಾತ್ರ ಹೊಡೆದುಹಾಕಿ."

"ಅಲ್ಲಿ ಏನು ಬರೀಲಿ?"

"ಕಪಾಟಿನಲ್ಲಿರೋದೆಲ್ಲ ಎಣಿಸಿ ಮುಗೀಲಿ. ಆಮೇಲೆ ಹೇಳ್ತೀನಿ."

ಅವನು ಎರಡು ಪದಗಳ ಮೇಲೆ ಗೆರೆ ಎಳೆದ. ಆಮೇಲೆ ಇಬ್ಬರೂ ಸೇರಿ ಸೂಕ್ಷ್ಮದರ್ಶಕವನ್ನು ಊಟದ ಮೇಜಿಗೆ ಹೊತ್ತು ತಂದರು. ಮೊದಲು ಅವನು ನೋಡಿದ. ಅವಳು ಕುರ್ಚಿ ಎಳೆದುಕೊಂಡು, ಬಹುಕಾಲದ ಮೇಲೆ, ಆ ತಣ್ಣನೆಯ ಹಿತ್ತಾಳೆಗೆ ಹುಬ್ಬು ತಾಗಿಸಿದಳು. ಸುತ್ತುಗಳು ಮಸುಕಿನಿಂದ ಒಂದೊಂದಾಗಿ ಮೇಲೆದ್ದು ಬಂದವು. ತಲೆ ಎತ್ತಿ ಅವನ ಮುಖ ನೋಡಿದಳು.

"ನಾಲ್ಕು," ಎಂದ ಅವನು.

"ಐದು," ಎಂದಳು ಅವಳು ಅದೇ ಉಸಿರಿಗೆ.

ಅವನು ಎದ್ದು ಬಂದು ಮತ್ತೆ ನೋಡಿದ. ಅಂಚಿನ ಹತ್ತಿರ ಎಂದಳು ಅವಳು. ಅದು ಸುತ್ತಲ್ಲ, ಮೇವು ಸಿಗದೆ ಮೀನು ಹಸಿದ ತಿಂಗಳಿನ ಗೀರು ಎಂದ ಅವನು. ಮಾತಿಗೆ ಮಾತು ಬೆಳೆಯಿತು. ರಾತ್ರಿಯಾದರೂ ಮೇಜು ಊಟಕ್ಕೆ ಬಿಡುವಾಗಲಿಲ್ಲ.

ಮುಂದಿನ ಪಾರ್ಸೆಲ್ಲಿಗೆ ಅವಳು ಆರಿಸಿಟ್ಟದ್ದು ಸುತ್ತುಗಳು ಎದ್ದು ಕಾಣುವ, ಎಲ್ಲಕ್ಕಿಂತ ದೊಡ್ಡ ಹುರುಪೆಗಳನ್ನು. ಬರೆಯಲು ಕುಳಿತಾಗ ಗಂಡ ಪಕ್ಕದಲ್ಲಿರಲಿಲ್ಲ. ಮೊದಲ ಲಕೋಟೆಯ ಮೇಲೆ ಮೀನಿನ ಉದ್ದ ಬರೆದು, ತೋಳನ್ನು ನೀಳವಾಗಿ ಚಾಚಿ ಅದನ್ನು ಬೆಳಕಿನಿಂದ ಆಚೆಗೆ ಹಿಡಿದಳು. ಅಂಕಿಗಳು ಕಲಸಿಹೋಗುವವರೆಗೆ ರೆಪ್ಪೆಗಳನ್ನು ಕಿರಿದಾಗಿಸಿ ನೋಡಿದಳು. ಆಮೇಲೆ ಲೇಖನಿಯನ್ನು ಶಾಯಿಯಲ್ಲಿ ಅದ್ದಿ, ತುಟಿ ಬಿಗಿದುಕೊಂಡು, ಅದೇ ಗೆರೆಗಳ ಮೇಲೆ ಇನ್ನೊಮ್ಮೆ ತಿದ್ದತೊಡಗಿದಳು.